ಫ್ರಿಜ್‌ಗೆ ವೈಫೈ, ಕಾರಿಗೆ ಸನ್‌ರೂಫ್: ದುಡ್ಡು ಕೊಡುವ ಮೊದಲು ನೋಡಬೇಕಾದ್ದು

ಚೌತಿ, ದೀಪಾವಳಿ ಹತ್ತಿರ ಬಂತು ಅಂದರೆ ನನಗೆ ಬರುವ ಮೆಸೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. "ವೈಫೈ ಇರುವ ವಾಷಿಂಗ್ ಮಷಿನ್ ತಗೊಳ್ಳಿ ಅಂತ ಅಂಗಡಿಯವರು ಹೇಳ್ತಾರೆ, ತಗೊಳ್ಳಬಹುದಾ?" "ಸನ್‌ರೂಫ್ ಇರುವ ವೇರಿಯಂಟ್‌ಗೆ ಹೋಗಲಾ?" "ಆರ್‌ಒ ಇಲ್ಲದ ವಾಟರ್ ಫಿಲ್ಟರ್ ಈಗ ಯಾರಾದರೂ ತಗೊಳ್ತಾರಾ?" ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಹೊಸದೆಲ್ಲ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಎಸಿಯ ಇನ್ವರ್ಟರ್ ಕಂಪ್ರೆಸರ್ ಒಳ್ಳೆಯದು, ಕಾರಿನ ಎಬಿಎಸ್ ಜೀವ ಉಳಿಸುತ್ತದೆ. ಆದರೆ ಪ್ರತಿ ಫೀಚರ್‌ಗೂ ನೀವು ಒಂದು ಪ್ರಶ್ನೆ ಕೇಳಲೇಬೇಕು: ಇದು ಹಾಳಾದ ದಿನ ಮಷಿನ್ ತನ್ನ ಮೂಲ ಕೆಲಸ ಮಾಡುತ್ತದಾ, ಇಲ್ವಾ? ಬಟ್ಟೆ ಒಗೆಯುತ್ತದಾ? ತಣ್ಣಗೆ ಇಡುತ್ತದಾ? ಕಾರಿನ ಗಾಜಿನ ಮಂಜು ಹೋಗುತ್ತದಾ?

ಮಂಗಳೂರು, ಉಡುಪಿ ಕಡೆಯವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ. ಸಮುದ್ರದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಗೋಡೆಯೇ ಬೆವರುವಷ್ಟು ತೇವ, ಅದರ ಮೇಲೆ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಸಿಡಿಲು. ಎಲೆಕ್ಟ್ರಾನಿಕ್ಸ್‌ಗೆ ಆಗದ್ದೆಲ್ಲ ನಮ್ಮಲ್ಲೇ ಉಂಟು.

1. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಬರೆದುಕೊಳ್ಳಿ

ಬೇಕಾಗುವುದು ಒಂದು ಕಾಗದ, ಒಂದು ಅಳತೆ ಟೇಪು, ಸ್ವಲ್ಪ ತಾಳ್ಮೆ. ಈಗಿರುವ ಮಷಿನ್‌ನಲ್ಲಿ ಯಾವ ಯಾವ ಬಟನ್ ನಿಜವಾಗಿ ಒತ್ತುತ್ತೀರಿ ಅಂತ ಕೆಲವು ದಿನ ಗಮನಿಸಿ. ವಾಷಿಂಗ್ ಮಷಿನ್‌ನಲ್ಲಿ ಪ್ರೋಗ್ರಾಮ್ ಎಷ್ಟೇ ಇರಲಿ, ಹೆಚ್ಚಿನ ಮನೆಗಳಲ್ಲಿ ಓಡುವುದು ಒಂದೋ ಎರಡೋ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಬಟನ್ ಮಾತ್ರ ಸವೆದಿರುತ್ತದೆ, "ಆಟೋ ಕುಕ್" ಬಟನ್ ಹೊಸದರ ಹಾಗೇ ಹೊಳೆಯುತ್ತಿರುತ್ತದೆ. ಆ ಸವೆದ ಬಟನ್‌ಗಳ ಪಟ್ಟಿಯೇ ನಿಮ್ಮ ಅಗತ್ಯದ ಪಟ್ಟಿ.

ಆಮೇಲೆ, ದಿನಾ ಇದನ್ನು ಬಳಸುವವರು ಯಾರು ಅಂತ ಬರೆಯಿರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ. ಅಪ್ಪ-ಅಮ್ಮ ಊರಲ್ಲಿ. ದುಡ್ಡು ಕಳಿಸುವುದು ಮಗ, ಆನ್‌ಲೈನಿನಲ್ಲಿ ಮಾಡೆಲ್ ಆರಿಸುವುದೂ ಮಗ, ಒದ್ದೆ ಕೈಯಲ್ಲಿ ಟಚ್ ಪ್ಯಾನೆಲ್ ಒತ್ತಿ ಒತ್ತಿ ಸೋಲುವುದು ಅಮ್ಮ. ಹಾಗಾಗಿ ಬಳಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅವರಿಗೆ ಯಾರೂ ಏನೂ ಹೇಳಿಕೊಡದೆ ಒಂದು ಸಲ ಆನ್ ಮಾಡಲಿಕ್ಕೆ ಬಿಡಿ. ಬಟನ್ ಹುಡುಕಲಿಕ್ಕೇ ತಡಕಾಡಿದರೆ ಆ ಮಾಡೆಲ್ ಬಿಟ್ಟುಬಿಡಿ, ಎಷ್ಟೇ ಡಿಸ್ಕೌಂಟ್ ಇರಲಿ.

ಎಚ್ಚರ: ಜಾಗದ ಅಳತೆ, ಪ್ಲಗ್ ಪಾಯಿಂಟ್, ನಲ್ಲಿಯ ಒತ್ತಡ ಇವನ್ನು ಮೊದಲೇ ನೋಡಿ. ಟ್ಯಾಂಕ್ ತಾರಸಿಯಲ್ಲಿ, ಮಷಿನ್ ಅದರ ಕೆಳಗಿನ ಮಹಡಿಯಲ್ಲೇ ಇದ್ದರೆ ನೀರಿನ ಒತ್ತಡ ಸಾಲುವುದಿಲ್ಲ. ಆಗ ಎಷ್ಟು ಸ್ಮಾರ್ಟ್ ಮಷಿನ್ ಆದರೂ ನೀರು ಬರುತ್ತಿಲ್ಲ ಅಂತ ಎರರ್ ತೋರಿಸಿ ನಿಲ್ಲುತ್ತದೆ.

2. ಫೀಚರ್‌ಗಳನ್ನು ಮೂರು ಪಾಲು ಮಾಡಿ

ಮೊದಲನೆಯದು, ಮೂಲ ಕೆಲಸವನ್ನೇ ಚೆನ್ನಾಗಿ ಮಾಡಿಸುವವು: ಒಳ್ಳೆಯ ಮೋಟಾರ್, ಸ್ಪಿನ್ ವೇಗ, ತುಕ್ಕು ಹಿಡಿಯದ ಬಾಡಿ. ಇದಕ್ಕೆ ಧಾರಾಳವಾಗಿ ಖರ್ಚು ಮಾಡಿ. ಎರಡನೆಯದು, ಇದ್ದರೂ ಇಲ್ಲದಿದ್ದರೂ ನಡೆಯುವವು: ಬಣ್ಣದ ಲೈಟ್, ವೈಫೈ, ಬಾಗಿಲು ತೆಗೆದರೆ ಹಾಡುವ ಟ್ಯೂನ್. ಇವು ಕೆಟ್ಟರೆ ಏನೂ ನಿಲ್ಲುವುದಿಲ್ಲ, ಫ್ರೀ ಬಂದರೆ ಇರಲಿ. ಮೂರನೆಯದೇ ಅಪಾಯದ್ದು. ಕೆಟ್ಟರೆ ಇಡೀ ಮಷಿನ್ ಮಲಗಿಸುವವು.

ಟಚ್ ಪ್ಯಾನೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ತಿರುಗಿಸುವ ನಾಬ್ ಹಾಳಾದರೆ ಪೇಟೆಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಬೇರೆಯದು ಹಾಕಿಕೊಡುತ್ತಾರೆ. ಟಚ್ ಪ್ಯಾನೆಲ್ ಹಾಳಾದರೆ ಹೆಚ್ಚಾಗಿ ಪಿಸಿಬಿಯೇ ಬದಲಾಗಬೇಕು. ಪಿಸಿಬಿ ಅಂದರೆ ಒಳಗಿರುವ ಎಲೆಕ್ಟ್ರಾನಿಕ್ ಬೋರ್ಡ್, ರಿಪೇರಿಯವರು "ಬೋರ್ಡ್ ಹೋಗಿದೆ" ಅಂತಾರಲ್ಲ, ಅದೇ. ಪ್ರತಿ ಮಾಡೆಲ್‌ಗೆ ಬೋರ್ಡ್ ಬೇರೆ, ಒಂದಕ್ಕೊಂದು ಹೊಂದುವುದಿಲ್ಲ. ತೇವಕ್ಕೆ ಅದರ ಕಾಲುಗಳು ಹಸಿರು ಹಿಡಿಯುತ್ತವೆ. ಎಸಿಯ ಹೊರಗಿನ ಯೂನಿಟ್‌ನಲ್ಲಿ ಹಲ್ಲಿಯೋ ಇರುವೆಯೋ ಹೊಕ್ಕು ಶಾರ್ಟ್ ಆಗುವುದಂತೂ ನಮ್ಮ ಕಡೆಯ ಎಸಿ ಮೆಕ್ಯಾನಿಕ್‌ಗಳಿಗೆ ದಿನದ ಕತೆ.

ಪ್ಯಾನೆಲ್ ಹೇಗೇ ಇರಲಿ, ಒಳಗೆ ಬೋರ್ಡ್ ಇಲ್ಲದ ಮಷಿನ್ ಈಗ ಸಿಗುವುದು ಕಡಿಮೆ, ನಿಜ. ಆದರೆ ಬೋರ್ಡ್‌ಗೆ ಕೆಲಸ ಕಡಿಮೆ ಇದ್ದಷ್ಟು ಕೆಡುವ ಜಾಗವೂ ಕಡಿಮೆ.

3. ಒಂದೊಂದೇ ಸಾಮಾನು ನೋಡೋಣ

ವಾಷಿಂಗ್ ಮಷಿನ್: "ಎಐ ವಾಶ್" ಅಂತ ಸ್ಟಿಕ್ಕರ್ ಇದ್ದರೆ ಅದು ಏನು ಮಾಡುತ್ತದೆ ಅಂತ ಕೇಳಿ. ಹೆಚ್ಚಾಗಿ ಉತ್ತರ ಒಂದೇ: ಬಟ್ಟೆಯ ತೂಕ ನೋಡಿ ನೀರು ಮತ್ತು ಸಮಯ ಹೊಂದಿಸುವುದು. ಹಿಂದೆ ಇದನ್ನೇ "ಫಜ್ಜಿ ಲಾಜಿಕ್" ಅಂತ ಮಾರುತ್ತಿದ್ದರು. ನೀವು ನೋಡಬೇಕಾದ್ದು ಸ್ಪಿನ್ ವೇಗ, ಅಂದರೆ ನಿಮಿಷಕ್ಕೆ ಡ್ರಮ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ಜುಲೈಯಲ್ಲಿ ಬಟ್ಟೆ ಒಣಗದೆ ಮುಗ್ಗಲು ವಾಸನೆ ಬರುವುದು ನಿಮಗೆ ಗೊತ್ತೇ ಉಂಟು. 1200 ಸುತ್ತಿನ ಮಷಿನ್‌ನಿಂದ ತೆಗೆದ ಬಟ್ಟೆಯಲ್ಲಿ 700 ಸುತ್ತಿನದಕ್ಕಿಂತ ನೀರು ಎಷ್ಟೋ ಕಡಿಮೆ ಉಳಿದಿರುತ್ತದೆ. ಬೇರೆ ಊರಿನವರಿಗೆ ಡ್ರೈಯರ್ ಶೋಕಿ ಅನ್ನಿಸಬಹುದು, ಚಿಕ್ಕ ಮಕ್ಕಳಿರುವ ಮಂಗಳೂರಿನ ಫ್ಲಾಟ್‌ಗೆ ಅದು ಶೋಕಿ ಅಲ್ಲ. ಮೊಬೈಲಿನಿಂದ ಮಷಿನ್ ಆನ್ ಮಾಡುವುದು? ಬಟ್ಟೆ ಹಾಕಲಿಕ್ಕೆ ನೀವೇ ಹತ್ತಿರ ಹೋಗಬೇಕಲ್ವಾ, ಅಲ್ಲೇ ಬಟನ್ ಒತ್ತಿದರಾಯಿತು.

ಫ್ರಿಜ್: ಬಾಗಿಲಲ್ಲಿ ಪರದೆ, ಒಳಗೆ ಕ್ಯಾಮೆರಾ ಇರುವವು ಬೇಡ. ಫ್ರಿಜ್ ಹತ್ತು-ಹದಿನೈದು ವರ್ಷ ಬಾಳುವ ಸಾಮಾನು. ಆ ಪರದೆಯ ಸಾಫ್ಟ್‌ವೇರ್ ಅಷ್ಟು ವರ್ಷ ಅಪ್‌ಡೇಟ್ ಆಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. "ಕನ್ವರ್ಟಿಬಲ್" ಅಂದರೆ ಫ್ರೀಜರ್ ಭಾಗವನ್ನೂ ಮಾಮೂಲಿ ಫ್ರಿಜ್ ಹಾಗೆ ಬಳಸುವ ಸೌಕರ್ಯ. ಮೀನು ತಂದು ಫ್ರೀಜರಿನಲ್ಲಿ ಇಡುವ ಮನೆಯಲ್ಲಿ ಅದು ಒಮ್ಮೆಯೂ ಬದಲಾಗುವುದಿಲ್ಲ. ಬಾಗಿಲಿನ ರಬ್ಬರ್ ಗಟ್ಟಿ ಉಂಟಾ, ಕೆಳಗಿನ ಸ್ಟ್ಯಾಂಡ್ ಪ್ಲಾಸ್ಟಿಕ್ಕಾ ಕಬ್ಬಿಣವಾ ಅಂತ ಬಗ್ಗಿ ನೋಡಿ. ಉಪ್ಪು ಗಾಳಿಗೆ ಮೊದಲು ಹೋಗುವುದು ಕೆಳಗಿನ ಕಬ್ಬಿಣ.

ಎಸಿ: ವೈಫೈ, ಧ್ವನಿಯಿಂದ ಆದೇಶ, ಮನುಷ್ಯರಿದ್ದ ಕಡೆ ಗಾಳಿ ಬಿಡುವ ಸೆನ್ಸರ್, ಇವೆಲ್ಲ ಎರಡನೇ ಪಾಲಿಗೆ ಹಾಕಿ. ಇಲ್ಲಿ ದುಡ್ಡು ಹಾಕಬೇಕಾದ್ದು ತಾಮ್ರದ ಕಾಯಿಲ್‌ಗೆ ಮತ್ತು ಅದರ ಮೇಲಿನ ತುಕ್ಕು ತಡೆಯುವ ಲೇಪಕ್ಕೆ. ಸಮುದ್ರ ಹತ್ತಿರ ಇದ್ದಷ್ಟು ಇದು ಮುಖ್ಯ. "ಡ್ರೈ ಮೋಡ್" ಉಂಟಾ ನೋಡಿ. ಅದು ಗಾಳಿಯ ತೇವ ತೆಗೆಯುತ್ತದೆ, ಮಳೆಗಾಲದ ಸೆಕೆಗೆ ಇದೇ ಸಾಕಾಗುತ್ತದೆ. ಸಾದಾ ರಿಮೋಟ್‌ನಲ್ಲೇ ಇರುವ ಈ ಬಟನನ್ನು ಯಾಕೋ ಯಾರೂ ಮುಟ್ಟುವುದಿಲ್ಲ.

ಅಡುಗೆ ಮನೆ: ಇಲ್ಲಿ ಬೇಗ ಮುಗಿಸುತ್ತೇನೆ. ನೀರ್ ದೋಸೆಗೆ, ಗಸಿಗೆ ಕಡಿಯುವ ಗ್ರೈಂಡರ್‌ನಲ್ಲಿ ಕಲ್ಲು ಮತ್ತು ಮೋಟಾರ್ ಮುಖ್ಯ, ಡಿಜಿಟಲ್ ಟೈಮರ್ ಅಲ್ಲ. ರೈಸ್ ಕುಕ್ಕರ್‌ನ ರೆಡಿ ಮೆನುಗಳನ್ನು ಹೆಚ್ಚಾಗಿ ಬೆಳ್ತಿಗೆ ಅನ್ನಕ್ಕೆ ಹೊಂದಿಸಿರುತ್ತಾರೆ, ನಮ್ಮ ಕುಚ್ಚಲಕ್ಕಿ ಅದರಲ್ಲಿ ಅರೆಬೆಂದು ಕೂರುತ್ತದೆ. ಒಮ್ಮೆ ಕುದಿಸಿ ಮುಚ್ಚಿಡುವ ಥರ್ಮಲ್ ಕುಕ್ಕರ್‌ಗೆ ವೈರೇ ಇಲ್ಲ, ಅನ್ನ ತಾನೇ ಬೇಯುತ್ತದೆ. ಚಿಮ್ನಿಯಲ್ಲಿ ಕೈ ಬೀಸಿದರೆ ಆನ್ ಆಗುವ ಸೆನ್ಸರ್ ಬೇಡ, ಒತ್ತುವ ಬಟನ್ ಇರುವುದನ್ನು ತಗೊಳ್ಳಿ.

ವಾಟರ್ ಫಿಲ್ಟರ್: ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕೆಂದರೆ ನಮ್ಮ ಕಡೆ ಅತಿ ಹೆಚ್ಚು ದುಡ್ಡು ಸುಮ್ನೆ ಹೋಗುವುದು ಇಲ್ಲೇ. ಆರ್‌ಒ ಅಂದರೆ ನೀರನ್ನು ಬಹಳ ಸಣ್ಣ ತೂತಿನ ಪೊರೆಯ ಮೂಲಕ ಒತ್ತಡದಲ್ಲಿ ತಳ್ಳಿ, ಕರಗಿದ ಉಪ್ಪು-ಖನಿಜಗಳನ್ನು ತೆಗೆಯುವ ವಿಧಾನ. ನೀರಿನಲ್ಲಿ ಕರಗಿದ್ದು ಎಷ್ಟಿದೆ ಅನ್ನುವ ಲೆಕ್ಕಕ್ಕೆ ಟಿಡಿಎಸ್ ಅನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಇದ್ದರೆ ಅದು ಸರಿಯಾದ ನೀರು. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಲ್ಲಿಸಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರಕಾರಕ್ಕೆ ಹೇಳಿತ್ತು, ಯಾಕೆಂದರೆ ಈ ಮಷಿನ್‌ಗಳು ತುಂಬಾ ನೀರನ್ನು ಹೊರಗೆ ಚೆಲ್ಲುತ್ತವೆ.

ಈಗ ನಿಮ್ಮ ನೀರು ಎಲ್ಲಿಂದ ಬರುತ್ತದೆ ನೋಡಿ. ಮಂಗಳೂರಿನ ನಲ್ಲಿ ನೀರು ತುಂಬೆಯಿಂದ, ಅಂದರೆ ನೇತ್ರಾವತಿ. ಉಡುಪಿಯದ್ದು ಬಜೆಯಿಂದ, ಅಂದರೆ ಸ್ವರ್ಣಾ. ಎರಡೂ ಮಳೆಯಿಂದ ತುಂಬುವ ಹೊಳೆ ನೀರು, ಗಡಸಲ್ಲ. ಮುರಕಲ್ಲಿನ ನೆಲದ ತೆರೆದ ಬಾವಿಯ ನೀರೂ ಸಾಮಾನ್ಯವಾಗಿ ಹಾಗೇ. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಬೇಕಾದ ಮಷಿನನ್ನು ಇಲ್ಲಿಗೂ ಮಾರುತ್ತಾರೆ ಅಷ್ಟೆ. ಕೆಲವು ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತದೆ, ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದು ತಗೊಂಡರೂ ಸಾಕು. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಳೆಯಿರಿ. ಉಳ್ಳಾಲ, ಮಲ್ಪೆಯಂತಹ ಕಡೆ ಸಮುದ್ರಕ್ಕೆ ತೀರಾ ಹತ್ತಿರದ ಬಾವಿಗೆ ಏಪ್ರಿಲ್-ಮೇಯಲ್ಲಿ ಉಪ್ಪು ನುಗ್ಗುವುದುಂಟು, ಅಂಥವರಿಗೆ ಆರ್‌ಒ ಬೇಕಾಗಬಹುದು.

ಎಚ್ಚರ: ಟಿಡಿಎಸ್ ಕಡಿಮೆ ಅಂದ ಮಾತ್ರಕ್ಕೆ ನೀರು ಶುದ್ಧ ಅಂತ ತಿಳಿಯಬೇಡಿ. ಮೀಟರಿಗೆ ರೋಗಾಣು ಕಾಣುವುದಿಲ್ಲ. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು ಇಳಿಯುತ್ತದೆ, ಶೌಚದ ಗುಂಡಿ ಹತ್ತಿರ ಇದ್ದರೆ ಇನ್ನೂ ಕಷ್ಟ. ಅದಕ್ಕೆ ಚೆನ್ನಾಗಿ ಕುದಿಸುವುದು, ಇಲ್ಲವೇ ಯುವಿ ಫಿಲ್ಟರ್, ಅಂದರೆ ಬೆಳಕಿನಿಂದ ರೋಗಾಣು ಕೊಲ್ಲುವ ಮಾದರಿ ಸಾಕು. ನೀರು ಕಲಂಕಾಗಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ, ಹಾಗಾಗಿ ಮೊದಲು ಸೋಸುವ ಕ್ಯಾಂಡಲ್ ಇರಬೇಕು. ಬೋರ್‌ವೆಲ್ ನೀರು ಹಿಡಿದಿಟ್ಟರೆ ಕೆಂಪಾಗುತ್ತದೆ ಅಂದರೆ ಅದು ಕಬ್ಬಿಣದ ಅಂಶ, ಅದಕ್ಕೆ ಬೇರೆಯೇ ಫಿಲ್ಟರ್ ಉಂಟು. ಮೊದಲು ಲ್ಯಾಬ್‌ನಲ್ಲಿ ನೀರು ಪರೀಕ್ಷೆ, ಆಮೇಲೆ ಮಷಿನ್. ಮಾರಲು ಬಂದವರು ಮನೆಯಲ್ಲೇ ನೀರಿಗೆ ಕರೆಂಟ್ ಹಾಯಿಸಿ ಅದು ಕಂದು ಬಣ್ಣಕ್ಕೆ ತಿರುಗಿದ್ದು ತೋರಿಸಿದರೆ ಹೆದರಬೇಡಿ. ಆ ಬಣ್ಣ ಅವರ ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು.

4. ಅಂಗಡಿಯಲ್ಲಿ ಇವನ್ನು ಬಾಯಿಬಿಟ್ಟು ಕೇಳಿ

"10 ವರ್ಷ ವಾರಂಟಿ" ಅಂತ ದೊಡ್ಡ ಅಕ್ಷರದಲ್ಲಿ ಅಂಟಿಸಿರುತ್ತಾರೆ. ಅದು ಯಾವುದಕ್ಕೆ? ಹೆಚ್ಚಾಗಿ ಕಂಪ್ರೆಸರ್ ಅಥವಾ ಮೋಟಾರಿಗೆ ಮಾತ್ರ. ಅವು ಹೇಗೂ ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವ ಬೋರ್ಡ್‌ಗೆ ಎಷ್ಟು ವರ್ಷ ಅಂತ ಪ್ರತ್ಯೇಕ ಕೇಳಿ, ವಾರಂಟಿ ಕಾರ್ಡಿನಲ್ಲಿ ಆ ಸಾಲನ್ನೇ ತೋರಿಸಲು ಹೇಳಿ. ಗ್ಯಾಸ್, ಕೂಲಿ, ಸಾಗಾಟ ಸೇರಿದೆಯಾ ಅಂತಲೂ ಕೇಳಿ.

ಆಮೇಲೆ ಬೋರ್ಡಿನ ಬೆಲೆ. ಸೇಲ್ಸ್‌ನವರಿಗೆ ಗೊತ್ತಿರುವುದಿಲ್ಲ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಮಾಡೆಲ್ ನಂಬರ್ ಹೇಳಿದರೆ ಗೊತ್ತಾಗುತ್ತದೆ. ಮೆಕ್ಯಾನಿಕ್ ಎಲ್ಲಿಂದ ಬರುತ್ತಾರೆ ಅಂತಲೂ ವಿಚಾರಿಸಿ. ಮಂಗಳೂರು ಪೇಟೆಯವರಿಗೆ ತೊಂದರೆ ಇಲ್ಲ. ಬೈಂದೂರಿನಲ್ಲೋ ಸುಳ್ಯದಲ್ಲೋ ಮನೆ ಇದ್ದರೆ, ಹೊಸ ಬ್ರಾಂಡಿನ ಸ್ಮಾರ್ಟ್ ಮಷಿನ್‌ಗೆ ಜನ ಬರುವಷ್ಟರಲ್ಲಿ ಬಟ್ಟೆಯ ರಾಶಿ ಮಾಡಿಗೆ ಮುಟ್ಟಿರುತ್ತದೆ.

ವಿದ್ಯುತ್ ಉಳಿತಾಯಕ್ಕೆ "ಇಕೋ", "ಸ್ಮಾರ್ಟ್ ಸೇವರ್" ಅನ್ನುವ ಹೆಸರು ನಂಬಬೇಡಿ. ಬಿಇಇ (ವಿದ್ಯುತ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ) ಸ್ಟಾರ್ ಲೇಬಲ್ ನೋಡಿ, ನಕ್ಷತ್ರಕ್ಕಿಂತ ಜಾಸ್ತಿ ಅದರಲ್ಲಿ ಬರೆದ ವರ್ಷದ ಯೂನಿಟ್ ನೋಡಿ. ಲೇಬಲ್ ಯಾವ ಅವಧಿಯದ್ದು ಅಂತಲೂ ಅದರಲ್ಲೇ ಇರುತ್ತದೆ. ನಿಯಮ ಆಗಾಗ ಬಿಗಿಯಾಗುವುದರಿಂದ ಹಳೆಯ 5 ಸ್ಟಾರ್, ಹೊಸ 5 ಸ್ಟಾರ್ ಒಂದೇ ಅಲ್ಲ.

5. ಆ್ಯಪ್ ಬೇಕೇ ಬೇಕು ಅಂದರೆ

ಮೊದಲು ಕೇಳಬೇಕಾದ್ದು: ಆ್ಯಪ್ ಇಲ್ಲದೆ ಎಲ್ಲ ಪ್ರೋಗ್ರಾಮ್ ಓಡುತ್ತದಾ? ಕೆಲವು ಮಷಿನ್‌ಗಳಲ್ಲಿ ಮುಖದ ಮೇಲೆ ನಾಲ್ಕೈದು ಪ್ರೋಗ್ರಾಮ್ ಮಾತ್ರ ಇಟ್ಟು ಉಳಿದದ್ದನ್ನು ಆ್ಯಪ್‌ನೊಳಗೆ ಅಡಗಿಸಿರುತ್ತಾರೆ.

ಕಂಪನಿ ಸರ್ವರ್ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಕತೆ ಉಂಟು. ಅಮೆರಿಕದಲ್ಲಿ ರಿವಾಲ್ವ್ ಅಂತ ಸುಮಾರು 300 ಡಾಲರಿನ ಪೆಟ್ಟಿಗೆ ಇತ್ತು, ಮನೆಯ ಲೈಟು-ಬೀಗ ಎಲ್ಲ ಫೋನಿನಿಂದ ನಡೆಸಲು. 2014ರಲ್ಲಿ ಗೂಗಲ್‌ನ ನೆಸ್ಟ್ ಅದನ್ನು ಕೊಂಡಿತು, 2016ರ ಮೇಯಲ್ಲಿ ಸರ್ವರ್ ನಿಲ್ಲಿಸಿತು. ಪೆಟ್ಟಿಗೆಗೆ ಏನೂ ಆಗಿರಲಿಲ್ಲ, ಆದರೆ ಕೆಲಸಕ್ಕೆ ಬಾರದ್ದಾಯಿತು.

ಜೋಡಿಸುವಾಗ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಹೆಚ್ಚಿನ ಮನೆ ಸಾಮಾನುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಒಂದೇ ಹೆಸರಿನಲ್ಲಿ ಬೆರೆತಿದ್ದರೆ ಮಷಿನ್ ಜೋಡಣೆಯಾಗದೆ ತಲೆ ತಿನ್ನುತ್ತದೆ, ಎರಡನ್ನೂ ಬೇರೆ ಹೆಸರಿಗೆ ಹಾಕಿ. ಎರಡನೆಯದು, ಖಾತೆಯನ್ನು ಮನೆಯಲ್ಲೇ ಇರುವವರ ಫೋನ್ ನಂಬರಿನಲ್ಲಿ ತೆರೆಯಿರಿ. ಮಗನ ದುಬೈ ನಂಬರಿಗೆ ಹೋಗುವ ಒಟಿಪಿಯನ್ನು ಕಾರ್ಕಳದಲ್ಲಿ ಕಾಯುತ್ತಾ ಕೂರುವುದು ಯಾರಿಗೆ ಬೇಕು ಮಾರಾಯ್ರೆ.

6. ಕಾರಿಗೆ ಬರೋಣ

ಕಾರಿನಲ್ಲಿ ತೊಂದರೆ ಏನೆಂದರೆ ಬೇಕಾದ್ದನ್ನೂ ಬೇಡದ್ದನ್ನೂ ಒಂದೇ ವೇರಿಯಂಟಿನಲ್ಲಿ ಕಟ್ಟಿ ಕೊಡುತ್ತಾರೆ. ಹಾಗಾಗಿ ಬ್ರೋಶರ್ ತೆಗೆದು ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ. ಒಂದು ಸುರಕ್ಷತೆಗೆ, ಇನ್ನೊಂದು ಶೋಕಿಗೆ. ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡುವ ವ್ಯವಸ್ಥೆ), ಇಎಸ್‌ಸಿ (ಕಾರು ಜಾರಿದರೆ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಕೊಟ್ಟು ದಾರಿಗೆ ತರುವುದು), ಇವುಗಳಲ್ಲಿ ಚೌಕಾಸಿ ಬೇಡ. 2023ರಿಂದ ಭಾರತ್ ಎನ್‌ಸಿಎಪಿ ಅಂತ ನಮ್ಮದೇ ಅಪಘಾತ ಪರೀಕ್ಷೆ ಉಂಟು, ಅದರ ಸ್ಟಾರ್ ಸಿಕ್ಕಿದೆಯಾ ನೋಡಿ.

ನಮ್ಮ ಮಳೆಗೆ ಬಹಳ ಬೇಕಾದ ಎರಡು ಸಾಮಾನ್ಯ ವಸ್ತುಗಳು ಹಿಂಭಾಗದ ವೈಪರ್ ಮತ್ತು ಹಿಂದಿನ ಗಾಜಿನ ಡಿಫಾಗರ್, ಅಂದರೆ ಗಾಜು ಬಿಸಿ ಮಾಡಿ ಮಂಜು ತೆಗೆಯುವ ಗೆರೆಗಳು. ಕೆಳಗಿನ ವೇರಿಯಂಟ್‌ಗಳಲ್ಲಿ ಹೆಚ್ಚಾಗಿ ಇವೇ ಇರುವುದಿಲ್ಲ. ಇವೆರಡು ಸಿಗುವ ಅತಿ ಕೆಳಗಿನ ವೇರಿಯಂಟ್ ಯಾವುದೋ ಅಲ್ಲಿ ನಿಲ್ಲಿ.

ಟಚ್ ಸ್ಕ್ರೀನ್: ಹಾಡು, ಮ್ಯಾಪ್‌ಗೆ ಸರಿ. ಎಸಿ, ಗಾಜಿನ ಮಂಜು ತೆಗೆಯುವುದು, ವೈಪರ್ ಇವು ಸ್ಕ್ರೀನ್ ಒಳಗೆ ಹೋಗಿದ್ದರೆ ಬೇಡ. 2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಇದನ್ನು ಅಳೆದು ನೋಡಿತು. ಬಟನ್‌ಗಳೇ ಇದ್ದ 2005ರ ಹಳೆಯ ವೋಲ್ವೋದಲ್ಲಿ ನಾಲ್ಕು ಸಣ್ಣ ಕೆಲಸ ಮುಗಿಸಲು 10 ಸೆಕೆಂಡ್, ಅಷ್ಟರಲ್ಲಿ ಕಾರು ಹೋದ ದೂರ 306 ಮೀಟರ್. ಅದೇ ಕೆಲಸಗಳಿಗೆ ಕೊನೆಯಲ್ಲಿ ಬಂದ ಹೊಸ ಕಾರು ತಗೊಂಡದ್ದು 44.9 ಸೆಕೆಂಡ್, 1372 ಮೀಟರ್! ಯುರೋಪಿನ ಎನ್‌ಸಿಎಪಿ ಕೂಡ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ಗಳಿಗೆ ಕೈಗೆ ಸಿಗುವ ಬಟನ್ ಇದ್ದರಷ್ಟೇ ಪೂರ್ತಿ ಅಂಕ ಅಂತ ನಿಯಮ ತಂದಿದೆ. ನೀವು ಶೋರೂಮಿನಲ್ಲೇ ನೋಡಬಹುದು. ನಿಂತ ಕಾರಿನಲ್ಲಿ ಕೂತು, ಕಣ್ಣು ರಸ್ತೆಯ ಕಡೆ ಇಟ್ಟುಕೊಂಡು, ಕೈಯಲ್ಲೇ ತಡವಿ ಮುಂದಿನ ಗಾಜಿನ ಮಂಜು ತೆಗೆಯುವ ಬಟನ್ ಒತ್ತಿ. ಆಗಲಿಲ್ಲ ಅಂದರೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಖಂಡಿತ ಆಗುವುದಿಲ್ಲ.

ಸನ್‌ರೂಫ್: ಬಿಸಿಲಿಗೆ ತೆಗೆಯಲಿಕ್ಕಾಗದು, ಮಳೆಗೆ ತೆಗೆಯಲಿಕ್ಕಾಗದು. ಉಳಿದದ್ದು ಡಿಸೆಂಬರ್, ಜನವರಿ. ತಗೊಂಡೇ ತೀರುತ್ತೀರಿ ಅಂದರೆ ಒಂದು ವಿಷಯ ತಿಳಿದಿರಲಿ. ಅದರ ಮೂಲೆಗಳಲ್ಲಿ ನೀರು ಇಳಿದು ಹೋಗಲು ಸಪೂರ ಪೈಪುಗಳಿರುತ್ತವೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವಿನ ಪುಡಿ ಅದರೊಳಗೆ ಕಟ್ಟುತ್ತದೆ, ಆಮೇಲೆ ನೀರು ಸೀಟಿಗೆ ಇಳಿಯುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಕ್ಲೀನ್ ಮಾಡಿಸಿ.

ಎಡಾಸ್: ಕ್ಯಾಮೆರಾ, ರೇಡಾರ್ ನೋಡಿಕೊಂಡು ತಾನೇ ಬ್ರೇಕ್ ಹಾಕುವ, ಗೆರೆ ಬಿಟ್ಟು ಹೋಗದ ಹಾಗೆ ಸ್ಟೀರಿಂಗ್ ಎಳೆಯುವ ವ್ಯವಸ್ಥೆ. ತಾನೇ ಬ್ರೇಕ್ ಹಾಕುವುದು ಉಪಯೋಗದ್ದೇ. ಗೆರೆ ಹಿಡಿಯುವುದಕ್ಕೆ ರಸ್ತೆಯಲ್ಲಿ ಗೆರೆ ಇರಬೇಕಲ್ಲ, ಜೋರು ಮಳೆಯಲ್ಲಿ ಅದು ಕ್ಯಾಮೆರಾಕ್ಕೆ ಕಾಣಬೇಕಲ್ಲ. ಹೆದ್ದಾರಿ 66ರಲ್ಲಿ ಎದುರಿನಿಂದಲೇ ಸ್ಕೂಟರ್ ಬರುತ್ತದೆ. ಎಡಾಸ್ ಇದ್ದರೆ ಗೆರೆ ಹಿಡಿಯುವುದನ್ನು ಬೇರೆಯಾಗಿ ಆಫ್ ಮಾಡಲು ಆಗುತ್ತದಾ ಕೇಳಿ. ಇನ್ನೊಂದು ಗುಟ್ಟು: ಕ್ಯಾಮೆರಾ ಮುಂದಿನ ಗಾಜಿನ ಹಿಂದೆ ಇರುವುದರಿಂದ ಗಾಜು ಬದಲಿಸಿದರೆ ಅದನ್ನು ಮತ್ತೆ ಹೊಂದಿಸಬೇಕು, ಅದಕ್ಕೆ ಬೇರೆ ಖರ್ಚು.

ಬಾಡಿಗೆ ಫೀಚರ್: "ಕನೆಕ್ಟೆಡ್ ಕಾರ್" ಸೇವೆ ಮೊದಲು ಉಚಿತ, ಆಮೇಲೆ ವರ್ಷಕ್ಕೆ ಇಷ್ಟು ಅಂತ ಇರುತ್ತದೆ. ಎಷ್ಟು ಅಂತ ಈಗಲೇ ಬರೆಸಿಕೊಳ್ಳಿ. 2022ರಲ್ಲಿ ಬಿಎಂಡಬ್ಲ್ಯೂ ಕೆಲವು ದೇಶಗಳಲ್ಲಿ ಕಾರಿನಲ್ಲಿ ಆಗಲೇ ಇದ್ದ ಸೀಟು ಬಿಸಿ ಮಾಡುವ ವ್ಯವಸ್ಥೆಗೇ ತಿಂಗಳ ಬಾಡಿಗೆ ಹಾಕಲು ನೋಡಿತು. ಜನ ಬೈದ ಮೇಲೆ ಮರುವರ್ಷ ಕೈಬಿಟ್ಟಿತು.

ಡೆಲಿವರಿ ತಗೊಳ್ಳುವ ಮುಂಚೆ ಸ್ಟೆಪ್ನಿ ನೋಡಿ. ಕೆಲವು ಕಾರುಗಳಲ್ಲಿ ಅದರ ಬದಲು ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ಬಟನ್ ಸ್ಟಾರ್ಟ್ ಕಾರಾದರೆ ಕೀಯೊಳಗೆ ಅಡಗಿದ ಲೋಹದ ಕೀ ಎಲ್ಲಿದೆ, ಬ್ಯಾಟರಿ ಸತ್ತರೆ ಬಾಗಿಲು ಹೇಗೆ ತೆಗೆಯುವುದು ಅಂತ ಅಲ್ಲೇ ಮಾಡಿಸಿ ನೋಡಿ.

7. ಮನೆಗೆ ತಂದ ಮೇಲೆ

ಟಚ್ ಪ್ಯಾನೆಲ್‌ನಲ್ಲಿ ಆಫ್ ಮಾಡಿದರೆ ಮಷಿನ್ ಪೂರ್ತಿ ಆಫ್ ಆಗುವುದಿಲ್ಲ, ಒಳಗೆ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ. 5 ವಾಟ್ ಸುಮ್ನೆ ಓಡುತ್ತಿದ್ದರೂ ವರ್ಷಕ್ಕೆ ಸುಮಾರು 44 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವವರು ಇಂಥ ನಾಲ್ಕೈದು ಸಾಮಾನು ಸೇರಿಸಿ ಲೆಕ್ಕ ಹಾಕಿ. ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ.

ಗುಡುಗು ಶುರುವಾದರೆ ಸ್ವಿಚ್ಚು ಸಾಲದು, ಪ್ಲಗ್ಗೇ ಕಿತ್ತಿಡಿ, ರೂಟರ್‌ನದ್ದೂ ಸೇರಿಸಿ. ಸಿಡಿಲು ಹತ್ತಿರ ಬರುವ ಮೊದಲೇ ಈ ಕೆಲಸ ಮುಗಿಸಿ. ಫ್ರಿಜ್ ಸ್ವಲ್ಪ ಹೊತ್ತು ನಿಂತರೆ ಏನೂ ಆಗದು, ಬಾಗಿಲು ತೆಗೆಯದಿದ್ದರೆ ಸಾಕು. ಸರ್ಜ್ ಪ್ರೊಟೆಕ್ಟರ್, ಅಂದರೆ ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜ್ ತಡೆಯುವ ಸಾಧನ, ಹಾಕಿಸುವುದಾದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ. ಅರ್ತಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಹೆಸರಿಗೆ ಮಾತ್ರ. ಮಳೆಗಾಲದಲ್ಲಿ ಇಲಿ ವಾಷಿಂಗ್ ಮಷಿನ್‌ನ ಕೆಳಗಿಂದ ಹೊಕ್ಕು ವೈರ್ ಕಡಿಯುತ್ತದೆ, ಅಡಿಯ ಬಲೆ ಹಾಕಿಸಿಕೊಳ್ಳಿ.

ಬಿಲ್ಲು ಮತ್ತು ವಾರಂಟಿ ಕಾರ್ಡಿನ ಫೋಟೋ ತೆಗೆದಿಡಿ, ಬಿಲ್ಲಿನ ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ. ಬಿಡಿಭಾಗ ಸಿಗುತ್ತದಾ, ಎಲ್ಲಿ ರಿಪೇರಿ ಅನ್ನುವ ಮಾಹಿತಿಗೆ ಕೇಂದ್ರ ಸರಕಾರದ ರೈಟ್ ಟು ರಿಪೇರ್ ಪೋರ್ಟಲ್ ಉಂಟು, 2022ರ ಡಿಸೆಂಬರಿನಲ್ಲಿ ಶುರುವಾದದ್ದು. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಫೋನ್ ಮಾಡುವ ಮೊದಲು ಮಾಡೆಲ್ ನಂಬರ್, ಸೀರಿಯಲ್ ನಂಬರ್, ಸರ್ವಿಸ್‌ನವರು ಕೊಟ್ಟ ದೂರಿನ ನಂಬರ್ ಮೂರನ್ನೂ ಕೈಯಲ್ಲಿ ಇಟ್ಟುಕೊಳ್ಳಿ, ಮೊದಲು ಕೇಳುವುದು ಅದನ್ನೇ.